ತುರಿಕೆ ನಿಂತಿತೆಂದು ರೋಗ ಹೋಗಿರುವುದಿಲ್ಲ

ಆಷಾಢದ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಬಟ್ಟೆ ಒಣಗುವುದೇ ಇಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದರೂ ಒಳಉಡುಪಿನ ಪಟ್ಟಿ ಹಸಿಯಾಗಿಯೇ ಉಳಿಯುತ್ತದೆ. ಅದನ್ನೇ ತೊಟ್ಟು ದಿನವಿಡೀ ತೋಟದಲ್ಲಿ ದುಡಿಯುವವರ ತೊಡೆಸಂದಿಯಲ್ಲಿ, ಸೊಂಟದಲ್ಲಿ ಹುಳುಕಡ್ಡಿ ಸುಲಭವಾಗಿ ಬೇರೂರುತ್ತದೆ. ಇದು ಶಿಲೀಂಧ್ರದ ಸೋಂಕು. ಕೆಂಪಗೆ ಉಬ್ಬಿದ ಅಂಚಿನಲ್ಲಿ ಹೊಟ್ಟು ಏಳುತ್ತದೆ, ನಡುವಿನ ಚರ್ಮ ತಿಳಿಯಾಗುತ್ತಾ ಉಂಗುರ ಹಿಗ್ಗುತ್ತದೆ.

ಹೆಚ್ಚಿನವರು ಮೊದಲು ಹೋಗುವುದು ಔಷಧದ ಅಂಗಡಿಗೆ. ಚೀಟಿಯಿಲ್ಲದೆ ಕೊಳ್ಳುವ ಎಷ್ಟೋ ಮುಲಾಮುಗಳಲ್ಲಿ ಕ್ಲೋಬೆಟಸಾಲ್, ಬೆಟಾಮೆಥಸೋನ್‌ನಂಥ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿದು ತುರಿಕೆ ತಗ್ಗುತ್ತದೆ. ಆದರೆ ಸ್ಟೀರಾಯ್ಡ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಅದರ ವಿರುದ್ಧ ಹೋರಾಡುವ ದೇಹದ ಶಕ್ತಿಯನ್ನೇ ಕುಗ್ಗಿಸುತ್ತದೆ. ಮುಲಾಮು ನಿಲ್ಲಿಸಿದೊಡನೆ ಸೋಂಕು ಇನ್ನಷ್ಟು ಅಗಲಕ್ಕೆ ಮರಳುತ್ತದೆ. ಉಂಗುರದ ಗುರುತೇ ಕೆಟ್ಟು ವೈದ್ಯರಿಗೂ ಪತ್ತೆ ಕಷ್ಟವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯಲ್ಲಿ ಚರ್ಮ ತೆಳುವಾಗಿ ಮಾಯದ ಗೆರೆಗಳು ಬೀಳುತ್ತವೆ. ತಪ್ಪಿಸಬಹುದಾಗಿದ್ದ ಈ ನೋವನ್ನು ಕಂಡಾಗ ಸಂಕಟವಾಗುತ್ತದೆ.

ತುರಿಕಜ್ಜಿಯ ಕಥೆ ಬೇರೆ. ಇಲ್ಲಿ ತುರಿಕೆ ತಡವಾಗಿ ಬಂದು ತಡವಾಗಿ ಹೋಗುತ್ತದೆ. ಅರಸೀಕೆರೆಯ ತೆಂಗಿನ ಬೆಳೆಗಾರರಿಗೆ ನುಸಿಪೀಡೆ ಗೊತ್ತು. ಅದೇ ನುಸಿಗಳ ದೊಡ್ಡ ಬಳಗಕ್ಕೆ ಸೇರಿದ, ಅರ್ಧ ಮಿಲಿಮೀಟರ್ ಕೂಡ ಇಲ್ಲದ ಜೀವಿಯೊಂದು ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ದಿನಕ್ಕೆ 2–3 ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ಒಬ್ಬರ ಮೈಮೇಲೆ ಇರುವುದು ಹತ್ತು ಹದಿನೈದು ನುಸಿಗಳಷ್ಟೇ. ತುರಿಸುವುದು ಅವುಗಳಿಗೂ ಅವುಗಳ ಹಿಕ್ಕೆ, ಮೊಟ್ಟೆಗಳಿಗೂ ದೇಹ ತೋರುವ ಅಲರ್ಜಿಯಿಂದ. ಮೊದಲ ಸಲ ಅಂಟಿದಾಗ ಆ ಅಲರ್ಜಿ ಏಳಲು 4–6 ವಾರ ಬೇಕು. ಅಷ್ಟರಲ್ಲಿ ಒಂದೇ ಚಾಪೆಯಲ್ಲಿ ಮಲಗುವ ಮಕ್ಕಳಿಗೆಲ್ಲ ಹಬ್ಬಿರುತ್ತದೆ.

ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ತುರಿಕೆಯಿದ್ದು ರಾತ್ರಿ ಜೋರಾದರೆ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ, ಇದನ್ನೇ ಶಂಕಿಸಬೇಕು. ವೈದ್ಯರು ಬರೆದುಕೊಡುವ 5% ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, 8–14 ಗಂಟೆ ಬಿಟ್ಟು ಸ್ನಾನ ಮಾಡಬೇಕು. ವಾರದ ನಂತರ ಮತ್ತೊಮ್ಮೆ. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಕೂಸುಗಳಿಗೆ, ಬಸುರಿಯರಿಗೆ ವೈದ್ಯರು ಹೇಳಿದಂತೆ. ನುಸಿ ಸತ್ತ ಮೇಲೂ 2–4 ವಾರ ತುರಿಕೆ ಇರಬಹುದು. ಮದ್ದು ನಾಟಲಿಲ್ಲವೆಂದು ದಿನವೂ ಹಚ್ಚಿದರೆ ಚರ್ಮ ಕೆರಳುತ್ತದೆ.

ಬಟ್ಟೆ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಮಳೆಗಾಲದಲ್ಲಿ ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟರೂ ಆಗುತ್ತದೆ. ಮೈಯಿಂದ ಬೇರೆಯಾದ ನುಸಿ ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.