ಹನಿ ಬೇಕಾಗಿರುವುದು ಮಗನಿಗೋ, ತಾಯಿಗೋ?

"ನನ್ನ ಮಗ ಭಾಳ ನಿಧಾನ ರೀ. ಅಂಗಿ ಗುಂಡಿ ಹಾಕ್ಕೊಳ್ಳಾಕ ಹತ್ತು ನಿಮಿಷ ಬೇಕು. ಇಂಪೇಶನ್ಸ್ ಅಂತಾರಲ್ರಿ, ಅದನ್ನ ಕೊಡ್ರಿ."

ಹುಬ್ಬಳ್ಳಿ-ಧಾರವಾಡದಲ್ಲಿ ಮನಸ್ಸಿನ ಸ್ವಭಾವ ನೋಡಿ ಕೊಡುವ ಬ್ಯಾಚ್ ಹೂವಿನ ಹನಿ ಕೇಳಿಕೊಂಡು ಬರುವವರ ಬಾಯಲ್ಲಿ ಈ ಮಾತು ತಪ್ಪುವುದಿಲ್ಲ. ಮಗನ ಕೈ ಸರಿಸಿ ತಾನೇ ಪಟಪಟ ಗುಂಡಿ ಹಾಕಿಬಿಡುವ ತಾಯಿ ಇದ್ದಾಳಲ್ಲ, ಇಂಪೇಶನ್ಸ್ ಎಂಬ ಈ ಹೂವು ಆಕೆಯದು. ನಿಧಾನ ಇರುವವರನ್ನು ಓಡಿಸುವ ಔಷಧಿ ಇದಲ್ಲ. ನಿಧಾನವನ್ನು ಸಹಿಸಲಾಗದವರಿಗೆ ಹೇಳಿದ್ದು.

ಎರಡನೇ ಗೊಂದಲ ಸಿಟ್ಟಿನದು. ಸಿಟ್ಟು ಬಂತೆಂದರೆ ಇಂಪೇಶನ್ಸ್ ಎಂದು ತಾವೇ ತೀರ್ಮಾನಿಸಿಬಿಡುತ್ತಾರೆ. ನೋಡಬೇಕಾದ್ದು ಸಿಟ್ಟನ್ನಲ್ಲ, ವೇಗವನ್ನು. ಎದುರಿನವರ ಮಾತನ್ನು ತಾನೇ ಮುಗಿಸುವುದು, 'ಬಿಡ್ರಿ, ನಾನ ಮಾಡ್ತೀನಿ' ಎಂದು ಕೆಲಸ ಕಸಿದುಕೊಳ್ಳುವುದು, ಚಿಗರಿ ಬಸ್ಸಿನಲ್ಲಿ ಎರಡು ನಿಲ್ದಾಣ ಮೊದಲೇ ಬಾಗಿಲಿಗೆ ಬಂದು ನಿಲ್ಲುವುದು. ಇವರ ಸಿಟ್ಟು ಹಾಲು ಉಕ್ಕಿದ ಹಾಗೆ, ಏರಿದಷ್ಟೇ ಬೇಗ ಇಳಿಯುತ್ತದೆ. ಹೊಟ್ಟೆಕಿಚ್ಚು, ದ್ವೇಷ ಒಳಗೇ ಕುದಿಯುತ್ತಿದ್ದರೆ ಅದಕ್ಕೆ ಬೇರೆ ಹೂವಿನ ಹನಿ, ಹಾಲಿ. ಎಲ್ಲರಲ್ಲೂ ತಪ್ಪು ಹುಡುಕುವ ಚಾಳಿಗೆ ಬೀಚ್ ಹೂವು. ಅನ್ಯಾಯ ಕಂಡರೆ ಉರಿದೆದ್ದು ಊರನ್ನೆಲ್ಲ ಒಪ್ಪಿಸಲು ಹೊರಡುವವರದು ವರ್ವೇನ್ ಹೂವು.

ಈ ಹನಿಗಳನ್ನು ಹುಟ್ಟುಹಾಕಿದ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಬ್ಯಾಚ್ 1928ರಲ್ಲಿ ವೇಲ್ಸ್‌ನ ಅಸ್ಕ್ ನದಿ ದಂಡೆಯಲ್ಲಿ ಇಂಪೇಶನ್ಸ್ ಹೂವು ಕಿತ್ತದ್ದು. ಗಿಡ ಮಾತ್ರ ನಮ್ಮ ಹಿಮಾಲಯದ್ದು, 1839ರಲ್ಲಿ ಇಂಗ್ಲೆಂಡಿಗೆ ಹೋದದ್ದು. ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಸಿಡಿದು ಬೀಜ 7 ಮೀಟರ್ ದೂರದವರೆಗೂ ಹಾರುತ್ತದೆ. ತಾಳ್ಮೆಯಿಲ್ಲದ್ದು ಎಂಬರ್ಥದ ಇಂಪೇಶನ್ಸ್ ಹೆಸರು ಬಂದದ್ದೂ ಅದರಿಂದಲೇ. ನಮ್ಮ ಹಿತ್ತಲಲ್ಲಿ ಹುಡುಗರು ಒತ್ತಿ ಸಿಡಿಸುವ ಕರ್ಣಕುಂಡಲ ಇದರ ದಾಯಾದಿ, ಇದೇ ಅಲ್ಲ. ಅದನ್ನು ನೀರಿಗೆ ಹಾಕಿ ಕುಡಿಯುವವರಿದ್ದಾರೆ, ದಯವಿಟ್ಟು ಬೇಡ. ಹಿಮಾಲಯದ ಗಿಡದಲ್ಲೂ ತಿಳಿನೇರಳೆ ಹೂವನ್ನಷ್ಟೇ ಆರಿಸುತ್ತಾರೆ, ಕೆಂಪು ಬಣ್ಣದವನ್ನು ಬಿಡುತ್ತಾರೆ. ಗಾಜಿನ ಬಟ್ಟಲಲ್ಲಿ ಒರತೆ ನೀರಿನ ಮೇಲೆ ತೇಲಿಬಿಟ್ಟು 3 ತಾಸು ಬಿಸಿಲಿಗಿಟ್ಟು, ಸೋಸಿ, ಅಷ್ಟೇ ಅಳತೆಯ ಬ್ರಾಂಡಿ ಬೆರೆಸಿದರೆ ಮೂಲದ್ರಾವಣ. ಅದರ 2 ಹನಿ 30 ಮಿ.ಲೀ. ಬ್ರಾಂಡಿಗೆ ಬಿದ್ದದ್ದೇ ಅಂಗಡಿಯ ಸ್ಟಾಕ್ ಬಾಟಲಿ.

ಮನೆಯಲ್ಲಿ ಸ್ಟಾಕ್ ಬಾಟಲಿಯ 2 ಹನಿಯನ್ನು 30 ಮಿ.ಲೀ. ನೀರಿಗೆ ಹಾಕಿ, ಅದರಿಂದ 4 ಹನಿಯಂತೆ ದಿನಕ್ಕೆ 4 ಸಲ. ಇಲ್ಲೇ ರೋಗಿಯ ಸ್ವಭಾವ ಹೊರಬೀಳುತ್ತದೆ: 'ಲಗೂ ಆರಾಮಾಗ್ಲಿ' ಅಂತ 20 ಹನಿ ಸುರಿದುಕೊಳ್ಳುತ್ತಾರೆ! ಸ್ಟಾಕ್ ಬಾಟಲಿಯಿಂದಲೇ ಸುರಿದುಕೊಂಡರೆ ಹೆಚ್ಚಾಗುವುದು ಬ್ರಾಂಡಿ, ಗುಣವಲ್ಲ. ಗದಗ, ಹಾವೇರಿಯ ಬೇಸಿಗೆಗೆ ಬರೀ ನೀರು ಬೇಗ ಕೆಡುತ್ತದೆ, ಫ್ರಿಜ್‌ನಲ್ಲಿಡಿ. ಡ್ರಾಪರ್ ನಾಲಿಗೆಗೆ ತಾಗಿದರೂ ಕೆಡುತ್ತದೆ. ಮದ್ಯ ಮುಟ್ಟದವರು, ಕುಡಿತ ಬಿಡಿಸುವ ಮಾತ್ರೆಯಲ್ಲಿರುವವರು, ಗರ್ಭಿಣಿಯರು ಹನಿ ಕೊಡುವವರಿಗೆ ಮೊದಲೇ ಹೇಳಬೇಕು.

ಒಂದು ಮಾತು ಮುಚ್ಚಿಡುವಂತಿಲ್ಲ. ನಿಯಂತ್ರಿತ ಪರೀಕ್ಷೆಗಳಲ್ಲಿ ಈ ಹನಿಗಳು ಹುಸಿ ಔಷಧಿಗಿಂತ ಹೆಚ್ಚಿನ ಫಲ ಕೊಟ್ಟದ್ದು ಸಾಬೀತಾಗಿಲ್ಲ. ಆದ್ದರಿಂದ ನಡೆಯುತ್ತಿರುವ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಬಿಡಬೇಡಿ. ಮೊದಲು ಸಮಾಧಾನಿಯಾಗಿದ್ದವರು ಎರಡು ತಿಂಗಳಿನಿಂದ ಈಚೆಗೆ ಸಿಡುಕುತ್ತಿದ್ದು, ಜೊತೆಗೆ ತೂಕ ಇಳಿದು, ಎದೆ ಬಡಿದು, ಕೈ ನಡುಗುತ್ತಿದ್ದರೆ ಅದನ್ನು ಸ್ವಭಾವ ಎನ್ನಬೇಡಿ, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.