ಕ್ಯಾಮೆರಾದಲ್ಲಿ ಬದಲಿಸಬೇಕಾದದ್ದು ಗಂಟೆಯನ್ನೋ, ಟೈಮ್ ಝೋನನ್ನೋ?

ಪ್ರಶ್ನೆ: ಬೇರೆ ದೇಶಕ್ಕೆ ಹೋದಾಗ ಅಥವಾ ಡೇಲೈಟ್ ಸೇವಿಂಗ್ (ಬೇಸಿಗೆಯ ತಿಂಗಳುಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಆರಂಭವಾದಾಗ ಕ್ಯಾಮೆರಾದ ಗಡಿಯಾರವನ್ನು ಕೈಯಾರೆ ಹಿಂದೆ ಮುಂದೆ ಮಾಡಿಕೊಂಡರೆ ಸಾಲದೇ? ಮೆನುವಿನ ಟೈಮ್ ಝೋನನ್ನೂ ಬದಲಿಸಬೇಕೇ?

ಉತ್ತರ: ಟೈಮ್ ಝೋನನ್ನು ಮಾತ್ರ ಬದಲಿಸಿ, ಗಂಟೆಯನ್ನು ಮುಟ್ಟಬೇಡಿ. ಗಡಿಯಾರ ಮೊದಲೇ ಸರಿಯಾಗಿದ್ದರೆ, ಟೈಮ್ ಝೋನ್ ಸೌಲಭ್ಯವಿರುವ ಬಹುತೇಕ ಕ್ಯಾಮೆರಾಗಳು ಹೊಸ ಸ್ಥಳದ ಸಮಯವನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತವೆ.

ಹೀಗೆ ಹೇಳಲು ಕಾರಣವಿದೆ. ಚಿತ್ರದ ಜೊತೆಗೆ ಉಳಿಯುವ ಎಕ್ಸಿಫ್ ಮಾಹಿತಿಯಲ್ಲಿ ಬಹುಕಾಲ ದಿನಾಂಕ ಮತ್ತು ಗಂಟೆ, ನಿಮಿಷ, ಸೆಕೆಂಡುಗಳಷ್ಟೇ ದಾಖಲಾಗುತ್ತಿದ್ದವು. ಅದು ಯಾವ ಊರಿನ ಸಮಯ ಎಂಬುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 2016ರಲ್ಲಿ ಬಂದ 2.31ನೇ ಆವೃತ್ತಿಯು, ಆ ಸಮಯವು ಯುಟಿಸಿಗಿಂತ, ಅಂದರೆ ಜಗತ್ತಿನ ಎಲ್ಲ ಟೈಮ್ ಝೋನ್‌ಗಳಿಗೂ ಆಧಾರವಾದ ಪ್ರಮಾಣಿತ ಸಮಯಕ್ಕಿಂತ, ಎಷ್ಟು ಮುಂದಿದೆ ಅಥವಾ ಹಿಂದಿದೆ ಎಂಬುದನ್ನು ಬರೆದಿಡಲು ಪ್ರತ್ಯೇಕ ಅವಕಾಶ ಕಲ್ಪಿಸಿತು. ಈ ಅಂತರವನ್ನು ದಾಖಲಿಸುವ ಕ್ಯಾಮೆರಾಗಳು ಅದನ್ನು ನಿಮ್ಮ ಟೈಮ್ ಝೋನ್ ಆಯ್ಕೆಯಿಂದಲೇ ಪಡೆಯುವುದರಿಂದ, ನೀವು ಗಂಟೆಯನ್ನು ಮಾತ್ರ ತಿದ್ದಿದರೆ ಗಡಿಯಾರ ಟೋಕಿಯೊ ಸಮಯವನ್ನೂ ಟೈಮ್ ಝೋನ್ ಲಂಡನ್ನನ್ನೂ ಹೇಳುವಂತಾಗಿ, ಯುಟಿಸಿ ಆಧಾರದ ಮೇಲೆ ಚಿತ್ರಗಳನ್ನು ಜೋಡಿಸುವ ತಂತ್ರಾಂಶವು ಅವುಗಳನ್ನು ತಪ್ಪು ಜಾಗದಲ್ಲಿ ಇರಿಸುತ್ತದೆ.

ಡೇಲೈಟ್ ಸೇವಿಂಗ್‌ಗೆ ಸಾಮಾನ್ಯವಾಗಿ ಬೇರೆಯೇ ಆನ್–ಆಫ್ ಆಯ್ಕೆ ಇರುತ್ತದೆ, ಮತ್ತು ಬಹಳಷ್ಟು ಕ್ಯಾಮೆರಾಗಳಲ್ಲಿ ಅದು ತಾನಾಗಿ ಬದಲಾಗುವುದಿಲ್ಲ. ಇದರ ದಿನಾಂಕಗಳು ದೇಶದಿಂದ ದೇಶಕ್ಕೆ ಬೇರೆ: ಯುರೋಪಿನ ಬಹುಭಾಗದಲ್ಲಿ ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ, ಅಮೆರಿಕದ ಬಹುಭಾಗದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ. ಹೀಗಾಗಿ ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ 5 ಗಂಟೆಯ ಅಂತರ ವರ್ಷದ ಕೆಲವು ವಾರಗಳಲ್ಲಿ 4 ಗಂಟೆಗೆ ಇಳಿಯುತ್ತದೆ. ಈ ಆಯ್ಕೆಯನ್ನು ಆನ್ ಮಾಡಿದ ಮೇಲೆ ಗಂಟೆಯನ್ನೂ ಮುಂದೂಡಿದರೆ ಒಂದು ಗಂಟೆ ಹೆಚ್ಚಾಗುತ್ತದೆ. ಈ ಪದ್ಧತಿಯೇ ಇಲ್ಲದ ಜಪಾನಿಗೆ ಹೋದಾಗ ಅದನ್ನು ಆಫ್ ಮಾಡಲು ಮರೆತರೂ ಅದೇ ಗತಿ.

ಶರತ್ಕಾಲದ ಬದಲಾವಣೆ ಇನ್ನೂ ತೊಡಕಿನದು. ಆ ರಾತ್ರಿ ಲಂಡನ್ನಿನಲ್ಲಿ 2 ಗಂಟೆಯಾದೊಡನೆ ಗಡಿಯಾರ ಮತ್ತೆ 1 ಗಂಟೆಗೆ ಹಿಂದಿರುಗುವುದರಿಂದ, 1:50ಕ್ಕೆ ತೆಗೆದ ಚಿತ್ರದ ಅನಂತರ ತೆಗೆದದ್ದರ ಮೇಲೆ 1:10 ಎಂದು ಬೀಳಬಹುದು. ರಾತ್ರಿಯಿಡೀ ನಡೆಯುವ ಕಾರ್ಯಕ್ರಮವಾದರೆ ಮುಗಿಯುವವರೆಗೆ ಕ್ಯಾಮೆರಾವನ್ನು ಇದ್ದಂತೆಯೇ ಬಿಡುವುದು ಒಳ್ಳೆಯದು.

ಗಡಿಯಾರವನ್ನು ಸದಾ ಯುಟಿಸಿಯಲ್ಲೇ ಇಡುವವರೂ ಇದ್ದಾರೆ. ಜಿಪಿಎಸ್ ದಾಖಲೆಯೊಂದಿಗೆ ಚಿತ್ರಗಳನ್ನು ಹೊಂದಿಸುವವರಿಗೆ ಅದು ಅನುಕೂಲವಾದರೂ, ಉಳಿದವರಿಗೆ ನನ್ನ ಸಲಹೆಯಲ್ಲ. ಯುಟಿಸಿಯಿಂದ ದೂರದ ಪ್ರದೇಶಗಳಲ್ಲಿ ದಿನಾಂಕವೇ ಬದಲಾಗಿ ಕಾಣುತ್ತದೆ.

ಬದಲಿಸಲು ಮರೆತೇ ಹೋಗಿದ್ದರೆ ಪ್ರವಾಸದ ನಡುವೆ ಗಾಬರಿಯಿಂದ ತಿದ್ದಬೇಕಾಗಿಲ್ಲ. ಎಲ್ಲ ಚಿತ್ರಗಳಲ್ಲೂ ತಪ್ಪು ಒಂದೇ ಪ್ರಮಾಣದಲ್ಲಿದ್ದರೆ ಎಕ್ಸಿಫ್‌ಟೂಲ್ ಅಥವಾ ಲೈಟ್‌ರೂಮ್‌ನಂತಹ ತಂತ್ರಾಂಶದಲ್ಲಿ ಒಮ್ಮೆಗೇ ಸರಿಪಡಿಸಬಹುದು. ಸೆಕೆಂಡುಗಳನ್ನೂ ತೋರಿಸುವ ಫೋನಿನ ಗಡಿಯಾರವನ್ನು ಪ್ರತಿ ಕ್ಯಾಮೆರಾದಿಂದಲೂ ಒಮ್ಮೆ ಕ್ಲಿಕ್ಕಿಸಿಕೊಂಡರೆ, ಎಷ್ಟು ತಿದ್ದಬೇಕೆಂಬುದು ಆ ಚಿತ್ರದಲ್ಲೇ ಸಿಗುತ್ತದೆ.