ನಿರುದ್ಯೋಗ ದರ: ಶೇ 5 ಸರಿ, ಯಾರಲ್ಲಿ ಶೇ 5?

ಪ್ರತಿ ತಿಂಗಳ ನಡುವಿಗೆ ಕೇಂದ್ರ ಅಂಕಿಅಂಶ ಸಚಿವಾಲಯದ ಉದ್ಯೋಗ ಲೆಕ್ಕ ಹೊರಬೀಳುತ್ತದೆ. ಅದರ ಬೆನ್ನಿಗೇ ಈ ವಾಕ್ಯವೂ ಓಡಾಡುತ್ತದೆ: ‘ಕಾರ್ಮಿಕ ಬಲದಲ್ಲಿ ಇರುವವರು ಶೇ 55 ಮಂದಿ ಮಾತ್ರ, ಉಳಿದ ಶೇ 45 ಮಂದಿ ನಿರುದ್ಯೋಗಿಗಳು.’ ಟಿ.ವಿ. ಚರ್ಚೆಯಲ್ಲಿ ಕೇಳಿದ್ದಾಯಿತು, ವಾಟ್ಸ್‌ಆ್ಯಪ್‌ನಲ್ಲಿ ಓದಿದ್ದಾಯಿತು. ಈಗ ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್ ಒಂದರಲ್ಲೂ ಇದೇ ಅಚ್ಚಾಗಿದೆ. ಇದನ್ನೇ ಬಾಯಿಪಾಠ ಮಾಡಿದ ಅಭ್ಯರ್ಥಿಯ ಗತಿ ಏನು?

ಕಾರ್ಮಿಕ ಬಲ ಎಂದರೆ ಕೆಲಸದಲ್ಲಿರುವವರು ಮತ್ತು ಕೆಲಸ ಬೇಕೆಂದು ಕಾಯುತ್ತಿರುವವರು, ಇಬ್ಬರೂ ಸೇರಿದ ಗುಂಪು. ಅಂದರೆ ನಿರುದ್ಯೋಗಿ ಅದರ ಒಳಗೇ ಇದ್ದಾನೆ. ‘ಕಾರ್ಮಿಕ’ ಎಂದ ಕೂಡಲೇ ನಮ್ಮ ಕಣ್ಣಿಗೆ ಕಾರ್ಖಾನೆ, ಕೂಲಿ, ಯೂನಿಯನ್ ಬರುವುದರಿಂದ ಕೆಲಸವಿಲ್ಲದವನನ್ನು ಹೊರಗಿಟ್ಟು ಯೋಚಿಸುತ್ತೇವೆ. ಎಡವಟ್ಟು ಆಗುವುದೇ ಇಲ್ಲಿ. ಹಾಗಾದರೆ ಹೊರಗಿರುವ ಶೇ 45 ಯಾರು? ಓದುತ್ತಿರುವವರು, ಮನೆಗೆಲಸದಲ್ಲೇ ಇರುವ ಹೆಂಗಸರು, ಕೈಲಾಗದ ಹಿರಿಯರು, ಮತ್ತೆ ಹುಡುಕಿ ಹುಡುಕಿ ಸಾಕಾಗಿ, ಇನ್ನು ಕೆಲಸವೇ ಬೇಡವೆಂದು ಕೈಬಿಟ್ಟವರು. ಈ ಕೊನೆಯವರನ್ನು ನೆನಪಿಡಿ. ನಿರುದ್ಯೋಗ ದರಕ್ಕೆ ಛೇದ ಕಾರ್ಮಿಕ ಬಲವೇ ಹೊರತು ಜನಸಂಖ್ಯೆಯಲ್ಲ: ಶೇ 5 ಎಂದರೆ ಕಾರ್ಮಿಕ ಬಲದ ನೂರು ಮಂದಿಯಲ್ಲಿ ಐವರು.

2025ರ ಮೇ ಮತ್ತು ಜೂನ್ ಅಂಕಿಗಳನ್ನೇ ನೋಡಿ. 15 ವರ್ಷ ದಾಟಿದವರಲ್ಲಿ ಕೆಲಸದಲ್ಲಿದ್ದವರ ಪಾಲು ಮೇನಲ್ಲಿ ಶೇ 51.7, ಜೂನ್‌ನಲ್ಲಿ ಶೇ 51.2. ಇಳಿಯಿತು. ನಿರುದ್ಯೋಗ ದರ? ಎರಡೂ ತಿಂಗಳು ಶೇ 5.6. ‘ಬದಲಾವಣೆ ಇಲ್ಲ’ ಎಂಬ ತಲೆಬರಹಗಳು ಬಂದವು. ಆದರೆ ಕಾರ್ಮಿಕ ಬಲದ ಪಾಲೂ ಶೇ 54.8ರಿಂದ 54.2ಕ್ಕೆ ಕುಸಿದಿತ್ತು. ಕೆಲಸದಲ್ಲಿರುವವರು ಕಡಿಮೆಯಾದರು, ಜೊತೆಗೆ ಕೆಲಸ ಕೇಳುವವರೂ ಕಡಿಮೆಯಾದರು, ಹಾಗಾಗಿ ದರ ಇದ್ದಲ್ಲೇ ಇತ್ತು. ಕೈಬಿಟ್ಟವರು ಹೆಚ್ಚಾದರೆ ನಿರುದ್ಯೋಗ ದರ ಇಳಿಯಲೂಬಹುದು, ಅದನ್ನೇ ಸಾಧನೆ ಎಂದು ಫ್ಲೆಕ್ಸ್ ಹಾಕಿಸಲೂಬಹುದು. ಆದ್ದರಿಂದ ಮೂರು ಅಂಕಿಗಳನ್ನೂ ಒಟ್ಟಿಗೆ ಕೊಡದ ಸುದ್ದಿಯನ್ನು ನಾನಂತೂ ಅರ್ಧ ಸುದ್ದಿ ಎಂದೇ ಲೆಕ್ಕ ಹಾಕುತ್ತೇನೆ.

ಇನ್ನು ‘ಕೆಲಸದಲ್ಲಿರುವವರು’ ಯಾರು ಎಂಬುದು. ಮಾಸಿಕ ಲೆಕ್ಕ ನಿಂತಿರುವುದು ಹಿಂದಿನ ಏಳು ದಿನಗಳ ಮೇಲೆ. ಅದರಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಉದ್ಯೋಗಿ. ಸಂಬಳ ಸಿಗಬೇಕೆಂದಿಲ್ಲ, ಅಪ್ಪನ ಅಂಗಡಿಯ ಗಲ್ಲಾದಲ್ಲಿ ಕುಳಿತವನೂ ಉದ್ಯೋಗಿಯೇ. ಇದನ್ನು ಕೇಳಿ ‘ಸರ್ಕಾರದ ಕಣ್ಣಾಮುಚ್ಚಾಲೆ’ ಎಂದು ಕೂಗುವವರು ಬಹಳ. ಒಂದು ಗಂಟೆಯ ಈ ಅಳತೆಯನ್ನು 1982ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲೇ ಒಪ್ಪಿಕೊಳ್ಳಲಾಗಿತ್ತು. ನಮ್ಮಂಥ ದೇಶಕ್ಕೆ ಅದು ಒಗ್ಗುತ್ತದೆಯೇ ಎಂದು ಕೇಳುವುದು ನ್ಯಾಯ, ಆದರೆ ಮೋಸ ಎನ್ನಲಾಗದು. ನಿರುದ್ಯೋಗ ಭತ್ಯೆ ಕೊಡುವ ನಮ್ಮ ರಾಜ್ಯದ ಯುವನಿಧಿಯ ಅಳತೆ ಪೂರ್ತಿ ಬೇರೆ: ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಅಲ್ಲಿ ತಿಂಗಳಿಗೆ 3,000 ರೂಪಾಯಿ ಪಡೆಯುವ ಪದವೀಧರ ಮನೆಯ ಅಂಗಡಿಯಲ್ಲಿ ಕೈಜೋಡಿಸುತ್ತಿದ್ದರೆ ಕೇಂದ್ರದ ಸಮೀಕ್ಷೆಯ ಕಡತದಲ್ಲಿ ಉದ್ಯೋಗಿ. ರಾಜ್ಯವೂ ಸುಳ್ಳು ಹೇಳುತ್ತಿಲ್ಲ, ಕೇಂದ್ರವೂ ಹೇಳುತ್ತಿಲ್ಲ.

‘ಈ ತಿಂಗಳು ಕರ್ನಾಟಕದ ನಿರುದ್ಯೋಗ ದರ ಇಷ್ಟು’ ಎಂಬ ಪೋಸ್ಟ್ ಕಂಡರೆ ಮೂಲ ಯಾವುದೆಂದು ಕೇಳಿ. 2025ರ ಏಪ್ರಿಲ್‌ನ ಅಂಕಿಗಳಿಂದ ಶುರುವಾದ ಸರ್ಕಾರಿ ಮಾಸಿಕ ಪ್ರಕಟಣೆ ಇಡೀ ದೇಶದ್ದು, ರಾಜ್ಯವಾರು ವಿವರಕ್ಕೆ ತ್ರೈಮಾಸಿಕ, ವಾರ್ಷಿಕ ವರದಿಗಳನ್ನೇ ನೋಡಬೇಕು. ಸಿಎಂಐಇ ಎಂಬ ಖಾಸಗಿ ಸಂಸ್ಥೆಯೂ ಅಂಕಿ ಕೊಡುತ್ತದೆ, ಅದರ ಸಮೀಕ್ಷೆ ಬೇರೆ, ವ್ಯಾಖ್ಯೆ ಬೇರೆ. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಅಂಟಿಸುವ ಮಹಾನುಭಾವರಿಗೆ ದೂರದಿಂದಲೇ ನಮಸ್ಕಾರ. ತಿಂಗಳು ತಿಂಗಳೂ ರಾಜ್ಯವಾರು ಬರುವ ಸರ್ಕಾರಿ ಲೆಕ್ಕವೆಂದರೆ ಇಪಿಎಫ್‌ಒದ್ದು, ಭವಿಷ್ಯ ನಿಧಿಗೆ ಸೇರಿದವರದ್ದು. ಅದನ್ನು ‘ಹೊಸ ಉದ್ಯೋಗ ಸೃಷ್ಟಿ’ ಎಂದು ಹಾಕುವುದೂ ತಪ್ಪು. 19 ಜನರಿದ್ದ ವರ್ಕ್‌ಶಾಪ್‌ಗೆ ಇಪ್ಪತ್ತನೆಯವನು ಬಂದು ಪಿಎಫ್ ಕಡ್ಡಾಯವಾದರೆ ಹೊಸದಾಗಿ ಹುಟ್ಟಿದ್ದು ಒಂದು ಕೆಲಸ, ಖಾತೆಗಳು ಇಪ್ಪತ್ತು ಆಗಬಹುದು.

ಅಮೆರಿಕದಲ್ಲಿರುವ ನಮ್ಮವರು ‘ನಮ್ಮಲ್ಲಿ ಪ್ರತಿ ರಾಜ್ಯದ್ದೂ ತಿಂಗಳಿಗೊಮ್ಮೆ ಬರುತ್ತಲ್ಲ’ ಎನ್ನುತ್ತಾರೆ. ನಿಜ, ಬರುತ್ತದೆ. ಆದರೆ ಅಲ್ಲಿ ನಿರುದ್ಯೋಗಿ ಎನಿಸಿಕೊಳ್ಳಲು, ಲೇಆಫ್ ಆಗಿ ಅದೇ ಕಂಪನಿಯ ಕರೆಗೆ ಕಾಯುತ್ತಿರುವವರನ್ನು ಬಿಟ್ಟರೆ, ಹಿಂದಿನ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿರಬೇಕು. ನಮ್ಮಲ್ಲಿ ಹುಡುಕದಿದ್ದರೂ, ಸಿಕ್ಕರೆ ಮಾಡಲು ತಯಾರಿದ್ದರೆ ಸಾಕು. ಎರಡು ದೇಶಗಳ ದರ ಪಕ್ಕಪಕ್ಕ ಇಟ್ಟು ಮೀಸೆ ತಿರುವುವ ಮುನ್ನ ಇದನ್ನೂ ನೋಡಬೇಕು.

ಅಷ್ಟು ದೂರ ಹೋಗುವುದೂ ಬೇಡ. 2023–24ರ ನಮ್ಮದೇ ಸಮೀಕ್ಷೆಯಲ್ಲಿ ನಿರುದ್ಯೋಗ ದರ ಶೇ 3.2 ಎಂದೂ ಇದೆ, ಶೇ 4.9 ಎಂದೂ ಇದೆ. ಮೊದಲನೆಯದು ಹಿಂದಿನ 365 ದಿನಗಳ ಲೆಕ್ಕ, ಎರಡನೆಯದು ಏಳು ದಿನಗಳದ್ದು. ಆಳುವ ಪಕ್ಷದವರು ಯಾವುದನ್ನು ಹೇಳುತ್ತಾರೆ, ವಿರೋಧ ಪಕ್ಷದವರು ಯಾವುದನ್ನು ಹೇಳುತ್ತಾರೆ ಎಂದು ನಾನು ಬರೆಯಬೇಕಿಲ್ಲ.